ಬೈಚಣ್ಣ ಎಂಬ ಕಲ್ಲು

ಆಕಾಶ ಇನ್ನೂ ಕೂಗಳತೆಯಲ್ಲಿದ್ದ ಕಾಲದಲ್ಲಿ ನವಿಲುದುರ್ಗವೆಂಬ ರಾಜ್ಯವಿತ್ತು. ಅಲ್ಲಿನ ಒಂದು ಮನೆಯಲ್ಲಿ ಬೈಚ, ಅವನ ಏಳು ವರ್ಷದ ತಂಗಿ, ಇಬ್ಬರೇ ಇದ್ದರು. ಒಂದು ದಿನ ತಂಗಿ ಮಾಂತ್ರಿಕನೊಬ್ಬನ ಗಡ್ಡ ನೋಡಿ ನಕ್ಕಳು. ಅವನು ಅವಳನ್ನು ಕಲ್ಲೊಂದರಲ್ಲಿ ಮುಚ್ಚಿ, ಮಂಗಳನಿಗೂ ಗುರುವಿಗೂ ನಡುವೆ ತಿರುಗುವ ಸಾವಿರಾರು ಕಲ್ಲುಗಳ ನಡುವೆ ಎಸೆದ. ಅವಳ ಹೆಸರನ್ನು ಎಲ್ಲ ಮನುಷ್ಯರ ನೆನಪಿನಿಂದಲೂ ಅಳಿಸಿದ.

"ಕಲ್ಲನ್ನು ಗುರುತಿಸು, ಹೆಸರು ಹಿಡಿದು ಮೂರು ಸಲ ಕರಿ. ಬರ್ತಾಳೆ" ಎಂದು ನಕ್ಕು ಹೋದ.

ಅರಮನೆಯ ಜೋಯಿಸರು ನಿಯಮ ಹೇಳಿದರು. ಒಂದೇ ದಾರಿಯಲ್ಲಿ ಮೂರು ಸುತ್ತು ಬಂದದ್ದನ್ನು ಕಂಡ ಮೇಲೆಯೇ ಅದೇ ಕಲ್ಲೆಂದು ನಂಬಬೇಕು. ಕಂಡವನು ಅದಕ್ಕೆ ತನ್ನ ಹೆಸರಿಡಕೂಡದು. ಒಂದೊಂದು ಸುತ್ತಿಗೂ ಆರು ವರ್ಷ.

ಒಂದು ಕಲ್ಲು ಮಾತ್ರ ಉಳಿದವುಗಳಿಂದ ದೂರ, ಒಂಟಿಯಾಗಿ ನಡೆಯುತ್ತಿತ್ತು. ತಂಗಿ ಅದರಲ್ಲೇ ಇರಬೇಕೆಂದು ಬೈಚ ಬೆಟ್ಟವೇರಿ ಅದರ ಮೇಲೆ ಕಣ್ಣಿಟ್ಟು ಕೂತ.

ಮೊದಲ ಸುತ್ತಿನಲ್ಲಿ ಮಾಂತ್ರಿಕನ ಬಾವಲಿ ಬಂದು ರೆಕ್ಕೆಯಿಂದ ಆಕಾಶ ಮುಚ್ಚಿತು. ಬೈಚ ಏಳಲಿಲ್ಲ, ಬಾವಲಿಯೇ ದಣಿದು ಹೋಯಿತು. ಎರಡನೆಯ ಸುತ್ತಿನಲ್ಲಿ ಗಿಣಿಯೊಂದು ತಂಗಿಯ ದನಿಯಲ್ಲಿ "ಅಣ್ಣಾ, ಈ ಕಡೆ ನೋಡು" ಎಂದಿತು. ತಂಗಿ ಎಂದೂ ಬರಿಯ ಅಣ್ಣಾ ಎಂದವಳಲ್ಲ, ಬೈಚಣ್ಣಾ ಎನ್ನುತ್ತಿದ್ದಳು. ಅವನು ತಿರುಗಲಿಲ್ಲ. ಮೂರನೆಯ ಸುತ್ತಿನಲ್ಲಿ ಯಾವ ಪ್ರಾಣಿಯೂ ಬರಲಿಲ್ಲ. ಯಾರೂ ಬರಲಿಲ್ಲ. ಅದೇ ಎಲ್ಲಕ್ಕಿಂತ ಕಠಿಣವಾಗಿತ್ತು.

ಕಲ್ಲು ಖಚಿತವಾಯಿತು, ತಂಗಿಯ ಹೆಸರು ಮಾತ್ರ ನೆನಪಿಲ್ಲ. ಬೈಚ ಮನೆಗೆ ಬಂದ. ಮೂಲೆಯಲ್ಲಿ ತೊಟ್ಟಿಲು, ಪಕ್ಕದಲ್ಲಿ ರುಬ್ಬುವ ಗುಂಡುಕಲ್ಲು. ನಾಮಕರಣದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, ಅದಕ್ಕೂ ಹೆಸರು ಉಸುರುವುದು ಅಲ್ಲಿನ ವಾಡಿಕೆ. ಮಾಂತ್ರಿಕ ಮನುಷ್ಯರ ನೆನಪನ್ನಷ್ಟೇ ಅಳಿಸಿದ್ದ. ಬೈಚ ಕಿವಿಯಿಟ್ಟ.

"ತುಂಗಿ" ಎಂದಿತು ಗುಂಡುಕಲ್ಲು.

ಮೂರು ಸಲ ಕರೆದ. ಮೇಲಿನ ಕಲ್ಲು ಬಾಗಿಲಿನಂತೆ ತೆರೆಯಿತು, ತುಂಗಿ ಇಳಿದು ಬಂದಳು. ಮಾಂತ್ರಿಕ ಹೊಗೆಯಾದ, ಅವನ ಹೆಸರೇ ಅಳಿಸಿಹೋಯಿತು. ಅದಕ್ಕೇ ಈ ಕತೆಯಲ್ಲಿ ಅದಿಲ್ಲ.

ತುಂಗಿಗೆ ಇನ್ನೂ ಏಳೇ ವರ್ಷ. ನರೆತ ತಲೆಯವನನ್ನು ನೋಡಿ, "ಮಾವಾ, ನಮ್ಮ ಬೈಚಣ್ಣನ್ನ ಕಂಡ್ರಾ?" ಎಂದಳು.

ಬೈಚ ಅವಳೆದುರು ಕೂತ. ಕೈ ಚಾಚಿದ. ಹಿಂದೆ ಅವಳೇ ಕಚ್ಚಿದ್ದ ಗುರುತು ಹೆಬ್ಬೆರಳಲ್ಲಿತ್ತು. ಅವಳು ಅದನ್ನು ಮುಟ್ಟಿ ನೋಡಿ, ಸುಮ್ಮನೆ ಅವನ ತೊಡೆಯೇರಿ ಕೂತಳು.

ಬರಿದಾದ ಕಲ್ಲಿಗೆ ಏನು ಹೆಸರೆಂದು ಜೋಯಿಸರು ನಿಯಮ ನೆನಪಿಸಿ ಕೇಳಿದರು.

"ಬೈಚಣ್ಣ" ಎಂದಳು ತುಂಗಿ. "ಕಂಡವನು ಇಡಬಾರದು ತಾನೆ, ಇಡ್ತಿರೋಳು ನಾನು. ಅಲ್ಲಿ ಒಬ್ಬಳೇ ಇದ್ದಾಗ ಇದೇ ಹೆಸರು ಕೂಗ್ತಿದ್ದೆ. ಆ ಕಲ್ಲಿಗೆ ಬೇರೆ ಹೆಸರು ಗೊತ್ತೇ ಇಲ್ಲ."

ಜೋಯಿಸರು ಬರೆದುಕೊಂಡರು. ಅಣ್ಣ ತಂಗಿ ನೆಲದಲ್ಲಿ ಸುಖವಾಗಿದ್ದರು. ಬೈಚಣ್ಣ ಮಾತ್ರ ಮೇಲೆ ಇನ್ನೂ ಒಂಟಿಯಾಗಿ ಸುತ್ತುತ್ತಿದೆ.