ಕುಂಡೆಕುಸ್ಕ ಕುಳಿತ ಬಂಡೆ

ವಿದ್ಯಾವತಿ ಹಕ್ಕಿ ಬರೆಯಲು ಕುಳಿತರೆ ಕಣ್ಣು ಹಕ್ಕಿಯ ಮೇಲೆಯೇ. ಕಾಗದ ನೋಡುವುದಿಲ್ಲ, ನನ್ನನ್ನಂತೂ ನೋಡುವುದೇ ಇಲ್ಲ. ಆ ರವಿವಾರ ಘತ್ತರಗಿಯ ಹೊಳೆದಂಡೆಯಲ್ಲಿ ನಿಂತು ನಾನು ಅಂಗೈಯಗಲದ ಹಕ್ಕಿಯೊಂದರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

ನಾನು ಕಲ್ಲಿನಾಥ, ಜೇವರ್ಗಿಯಲ್ಲಿ ನನ್ನದು ಪೇಂಟ್ ಅಂಗಡಿ. ಅವಳು ಅದೇ ಊರಿನ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಂಗಡಿಗೆ ಮೊದಲ ಸಲ ಬಂದವಳು, "ಎಲ್ಲಾಕಿಂತ ಸಣ್ಣ ಬ್ರಶ್ ಕೊಡ್ರಿ" ಎಂದಳು. ನಾನು ಕಿಟಕಿಗೆ ಬಳಿಯುವ ಬ್ರಶ್ ಕೊಟ್ಟೆ.

"ಇದರಾಗ ಗುಬ್ಬಿ ಬರೀಲೋ, ಗ್ವಾಡಿ ಬಳೀಲೋ?" ಹುಬ್ಬೇರಿಸಿ, ತುಟಿಯ ತುದಿಯಲ್ಲಿ ನಕ್ಕಳು. ನಾನು ಅಲ್ಲಿಗೇ ಕೆಟ್ಟೆ. ಅಂದಿನಿಂದ ಅವಳ ಬಣ್ಣದ ಚೀಲ ಹೊರುವ ಕೆಲಸ ನನ್ನದಾಯಿತು.

ಆದರೆ ಆ ರವಿವಾರ ಬೆಳಗಿನಿಂದ ನನಗೆ ಬೇರೆಯದೇ ಚಿಂತೆ. ಅವಳಿಗೆ ವಿಜಯಪುರದಿಂದ ಒಂದು ಸಂಬಂಧ ಬಂದಿತ್ತು. ಹೂಂ ಅನ್ನುತ್ತೀಯೋ ಇಲ್ಲವೋ ಎಂದು ಕೇಳಲು ಅವಳ ಕಾಕಾ ಅಂದೇ ಫೋನ್ ಮಾಡುವವರಿದ್ದರು. ಅದಕ್ಕೂ ಮೊದಲು ನಾನು ಬಾಯಿ ಬಿಡಬೇಕಿತ್ತು. ಬಿಡಲು ಹೆದರಿಕೆ.

ಭೀಮಾ ಹೊಳೆ ಇಳಿದು ಬಂಡೆಗಳು ಎದ್ದಿದ್ದವು. ಅಲ್ಲೊಂದು ಕುಂಡೆಕುಸ್ಕ, ಬಾಲ ಕುಣಿಸುತ್ತಲೇ ಇರುವ ಕಪ್ಪು-ಬಿಳಿ ಹಕ್ಕಿ. ಅವಳು ಎರಡು ಗೆರೆ ಎಳೆಯುವಷ್ಟರಲ್ಲಿ ತಿರುಗಿಬಿಡುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಶುರು ಮಾಡುತ್ತಿದ್ದಳು. ಹಕ್ಕಿ ಮತ್ತೆ ಹಳೆಯ ಭಂಗಿಗೆ ಬಂದರೆ ಹಳೆಯ ಗೆರೆಗೆ ಮರಳುತ್ತಿದ್ದಳು. ಹಾಳೆಯ ತುಂಬ ಅರ್ಧಂಬರ್ಧ ಹಕ್ಕಿಗಳು.

"ದೂರ ಹೊಂಟದರಿ ಅದು. ನೀವು ಆ ಕಡೆ ನಿಂತ್ರ ನನ್ನ ಕಡೆ ಬರ್ತದ. ನಾ ಹೇಳೂತನಕ ಅಲ್ಲಾಡಬ್ಯಾಡ್ರಿ" ಎಂದಳು.

ಪಾದ ಮುಳುಗುವಷ್ಟು ನೀರು ದಾಟಿ ತಗ್ಗಿನ ಬಂಡೆಯೊಂದರ ಮೇಲೆ ನಿಂತೆ. ಹಕ್ಕಿ ನಿಜವಾಗಿಯೂ ಅವಳತ್ತ ಹೋಯಿತು. ಅವಳ ಕೈ ಓಡತೊಡಗಿತು.

ಆಗ ನೀರು ನನ್ನ ಬೆರಳು ಮುಟ್ಟಿತು. ಸ್ವಲ್ಪ ಹೊತ್ತಿಗೆ ಹಿಮ್ಮಡಿ. ನಮ್ಮೂರು ಸರಸಂಬಾ, ಹೊಳೆಯಿಲ್ಲದ ಊರು; ನನಗೆ ಹೊಳೆಯ ಗುಣವೂ ಗೊತ್ತಿಲ್ಲ, ಈಜೂ ಬರುವುದಿಲ್ಲ. ಕೂಗೋಣವೆಂದರೆ ಹಕ್ಕಿ ಹಾರುತ್ತದೆ, ಅವಳು ಬೇಸರಪಡುತ್ತಾಳೆ, ಅದೂ ಇವತ್ತೇ. ನೀರು ಮೊಣಕಾಲಿಗೆ ಬಂತು. ಮೂರ್ಖನ ಹಾಗೆ ಸುಮ್ಮನೆ ನಿಂತೆ.

"ಏ ತಮ್ಮಾ! ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರ, ಹೊರಗ ಬಾರೋ!" ಗುಡಿಯ ಹತ್ತಿರ ಕಾಯಿ ಮಾರುವ ತುಳಜಾಬಾಯಿ ದಂಡೆಯಿಂದ ಕಿರುಚಿದಳು.

ಹಕ್ಕಿ ಹಾರಿತು. ವಿದ್ಯಾವತಿ ನನ್ನನ್ನು ನೋಡಿದಳು. ಹಾಳೆಗಳನ್ನು ಅಲ್ಲೇ ಬಿಸುಟು ನಡುಮಟ್ಟ ನೀರಿಗಿಳಿದು, ತನ್ನ ವೇಲ್ ಬೀಸಿ ಎಸೆದಳು. ತುಳಜಾಬಾಯಿ ಹಿಂದಿನಿಂದ ಅವಳ ಸೊಂಟ ಹಿಡಿದಳು.

"ಕಲ್ಲಿನಾಥಾ, ಹಿಡೀ ಅದನ್ನ!"

ಹಿಡಿದೆ. ಕಾಲು ಜಾರಿತು, ನೀರು ಎದೆಗೆ ಬಂತು. ಇನ್ನು ಸತ್ತೆ ಅನ್ನಿಸಿದಾಗ ಬಾಯಿ ತಾನಾಗಿ ತೆರೆಯಿತು.

"ವಿಜಯಪುರದವ್ರಿಗೆ ಹೂಂ ಅನಬ್ಯಾಡ್ರಿ! ನನಗ ನೀವು ಬೇಕ್ರಿ!"

"ಮೊದ್ಲು ಕಾಲು ಮುಂದ ಇಡು!" ವಿದ್ಯಾವತಿ ವೇಲ್ ಜಗ್ಗಿದಳು.

ಇಬ್ಬರೂ ದಂಡೆಗೆ ಬಂದು ಬಿದ್ದೆವು. ಅವಳು ನನ್ನ ಭುಜಕ್ಕೆ ಗುದ್ದಿದಳು, ಮತ್ತೆ ಗುದ್ದಿದಳು, ಆಮೇಲೆ ಅತ್ತಳು.

"ಯಾಕ ಒದರಲಿಲ್ಲ?"

"ಹಕ್ಕಿ ಹಾರ್ತಿತ್ತಲ್ರಿ."

"ಹಾರಲಿ! ಹಕ್ಕಿ ಭಾಳ ಅವ. ನೀವು ಎಷ್ಟು ಮಂದಿ ಇದ್ದೀರಿ?"

ಚೀಲದಲ್ಲಿ ಫೋನ್ ರಿಂಗಾಯಿತು. ಕಾಕಾ. ಹೊಳೆಯಲ್ಲೂ ನಾನು ಅಷ್ಟು ಹೆದರಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತ ಮಾತಾಡಿದಳು. "ಬ್ಯಾಡ ಅಂತ ಹೇಳ್ರಿ ಕಾಕಾ. ಯಾಕಂತ ಮನಿಗೆ ಬಂದು ಹೇಳ್ತೇನಿ."

ತುಳಜಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಚಹಾ ತರಲು ಎದ್ದಳು.

ವಿದ್ಯಾವತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಹೆದರಿಕಿ ಹೋಗಿಲ್ಲೇನ್ರಿ?" ಎಂದು ಕೇಳಿದೆ.

"ಎಲ್ಲಿ ಹೋಗ್ತದರಿ? ಇನ್ನ ದಿನಾ ಸಂಜೀಕ ನೀವು ಅಂಗಡಿ ಮುಚ್ಚಿ ಮನಿಗೆ ಬರೂತನಕ ಇರ್ತದ."

ಯಾವ ಮನೆಗೆ ಎಂದು ಕೇಳುವಷ್ಟು ದಡ್ಡ ನಾನಲ್ಲ.