ಬಳೆಗಲ್ಲಿನ ಅರ್ಧ ಆಟ

"ಆಡಬ್ಯಾಡಿ ಅಂತ ಅನ್ನಾಕಿಲ್ಲ ಕಣಪ್ಪ ನಾನು. ಆಡೋದಾದ್ರೆ ಪೂರ್ತ ಆಡಿ. ಬಳೆ ಒಡುಸ್ಬುಟ್ಟು ಅಲ್ಲಿಗೇ ನಿಲ್ಲುಸ್ಬ್ಯಾಡಿ."

ಊರಿನ ಮುದುಕಿ ದೇವಿರಮ್ಮ ಅಷ್ಟು ಹೇಳಿ ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದ ಹಸಿರು ಗಾಜಿನ ಬಳೆಗಳನ್ನು ಕಲ್ಲಿನ ಬುಡದಲ್ಲಿಟ್ಟು ಅದರ ಪಕ್ಕದಲ್ಲೇ ಕುಳಿತುಬಿಟ್ಟಳು. ಮೈಕಿನ ವೈರು ಬಿಡಿಸುತ್ತಿದ್ದ ಯತೀಶ್ ತಲೆಯೆತ್ತದೆ ನಕ್ಕ.

"ಇಲ್ದಿದ್ರೆ ಏನಾಗುತ್ತೆ ಅಜ್ಜಿ? ನಾನು ಸತ್ತೋಗ್ತೀನಾ?"

ಮುದುಕಿ ಅವನ ಕಡೆ ನೋಡಲಿಲ್ಲ. ಅವಳ ಕಣ್ಣು ಅವನ ಹೆಂಡತಿ ವೀಣಳ ಕೈಗಳ ಮೇಲಿತ್ತು.

"ನೀನು ಇವಳಿಗೆ ಸಿಕ್ಕಾಕಿಲ್ಲ," ಎಂದಳು.

ಯತೀಶ್ ಮಂಡ್ಯದವನು. ಊರೂರಿಗೆ ಹೋಗಿ, ಅಲ್ಲಿನ ಹಳೆಯ ಕಲ್ಲಿನ ಮುಂದೆಯೋ ಕಟ್ಟೆಯ ಮುಂದೆಯೋ ನಿಂತು ಮೊದಲು ಉಪನ್ಯಾಸ ಕೊಡುತ್ತಿದ್ದ. ಆಮೇಲೆ ಅದೇ ಚರಿತ್ರೆಯನ್ನು ವೇಷ ಕಟ್ಟಿ ಆಡಿ ತೋರಿಸುತ್ತಿದ್ದ. ವೀರನ ಪಾತ್ರ ಅವನದು, ಹೆಂಗಸರ ಪಾತ್ರ ವೀಣಳದು. ತಮಟೆ ಬಡಿಯಲು, ಉಳಿದ ಸಣ್ಣ ಪಾತ್ರಗಳಿಗೆ ಗೆಳೆಯ ಶಶಿಧರ್ ಇದ್ದ. ಮಳವಳ್ಳಿ, ಮದ್ದೂರು ಸುತ್ತ ಜನ ಅವನನ್ನು ಕರೆಸಿ ಕೂರಿಸಿ ಕೇಳುತ್ತಿದ್ದರು. ಆತಗೂರು ದಾಟಿ ಒಳಗೆ ಸಿಗುವ ಹುಣಸೇಕೊಪ್ಪಲಿಗೆ ಮಾತ್ರ ಅವನು ಬಂದದ್ದು ಇದೇ ಮೊದಲು.

ಬಂದದ್ದು ಆ ಕಲ್ಲಿಗಾಗಿ. ಕೆರೆ ಏರಿಯ ಕೆಳಗೆ ಹುಣಸೆಮರದಡಿ ನೆಟ್ಟಿದ್ದ ಕಲ್ಲದು. ಕೆಳಗಡೆ ಕತ್ತಿ ಹಿಡಿದ ಗಂಡಸು, ಅವನ ಕಾಲ ಬಳಿ ದನಗಳು. ಮೇಲ್ಗಡೆ ಮೊಣಕೈ ಮಡಿಸಿ ಎತ್ತಿದ ಹೆಣ್ಣಿನ ಒಂಟಿ ತೋಳು, ತೋಳಿನ ತುಂಬ ಬಳೆ. ದನ ಕಾಯಲು ಹೋದವನು ಬಿದ್ದ, ಹೆಂಡತಿ ಬೆಂಕಿ ಹೊಕ್ಕಳು ಎಂದಷ್ಟೇ ಅಕ್ಷರಗಳು ಹೇಳುತ್ತಿದ್ದವು. ಊರಿನವರು ಅದನ್ನು ಬಳೆಗಲ್ಲು ಎನ್ನುತ್ತಿದ್ದರು. ಅವರ ಕತೆ ಅಕ್ಷರಗಳಿಗಿಂತ ಉದ್ದವಿತ್ತು. ಅವನು ಬಿದ್ದದ್ದನ್ನು ಕಂಡವನೊಬ್ಬ ಹೆದರಿ ಓಡಿಬಂದು, ಸತ್ತ ಅಂದನಂತೆ. ಅವಳು ಈ ಜಾಗದಲ್ಲೇ ಬಳೆ ಒಡೆದು ಬೆಂಕಿಗೆ ನಡೆದಳಂತೆ. ಆದರೆ ಅವನು ಸತ್ತಿರಲಿಲ್ಲ. ಮೈಯೆಲ್ಲ ಗಾಯ ಹೊತ್ತು ಏರಿಯ ಮೇಲೆ ಹೆಂಡತಿಯ ಹೆಸರು ಕೂಗುತ್ತಾ ಬಂದ. ಉರಿಯ ಸದ್ದಿನಲ್ಲಿ ಅವಳಿಗೆ ಆ ಕೂಗು ಕೇಳಿಸಲಿಲ್ಲ.

ಅದಕ್ಕೇ ಆ ಊರಿನಲ್ಲಿ ಯಾರೇ ಈ ಕತೆ ಹೇಳಲಿ, ಕೊನೆಯಲ್ಲಿ ಒಬ್ಬ ಗಂಡಸು ಏರಿ ಹತ್ತಿ ಕೂಗಬೇಕು. ಒಬ್ಬ ಮುತ್ತಜ್ಜಿ, "ಬಂದ ಕಣವ್ವ, ತೊಟ್ಕೊ," ಎಂದು ಯಾರಾದರೂ ಹೆಣ್ಣುಮಗಳಿಗೆ ಹಸಿರು ಬಳೆ ಇಡಬೇಕು. ಅಲ್ಲಿಯವರೆಗೆ ಕೇಳುವವರು ಎದ್ದು ನೀರೂ ಕುಡಿಯುತ್ತಿರಲಿಲ್ಲ.

ಮಧ್ಯಾಹ್ನ ಮರದ ನೆರಳಿನಲ್ಲಿ ವೀಣ ಬುತ್ತಿ ಬಿಚ್ಚಿದಳು. ಯತೀಶ್ ಭಾಷಣದ ಹಾಳೆ ನೋಡುತ್ತಾ ಚಿತ್ರಾನ್ನ ತಿಂದ. "ಉಪ್ಪು ಸಾಕಾ?" ಎಂದು ಕೇಳಿದಳು. ದಿನಾ ಕೇಳುತ್ತಿದ್ದಳು. ಅವನು ದಿನಾ ಏನನ್ನೋ ಓದುತ್ತಿರುತ್ತಿದ್ದ. ಸ್ವಲ್ಪ ಹೊತ್ತು ಕಾದು, ಖಾಲಿಯಾದ ತಟ್ಟೆಯನ್ನೇ ಉತ್ತರ ಅಂದುಕೊಂಡು ಎತ್ತಿಟ್ಟಳು.

ಆಮೇಲೆ ಮೆಲ್ಲಗೆ ಹೇಳಿದಳು. "ರೀ, ಕೊನೇದೂ ಆಡ್ಬುಡೋಣ. ಬರೀ ಒಂದು ಕೂಗು ತಾನೆ."

ಅವನು ಒಪ್ಪಲಿಲ್ಲ. ಕಲ್ಲಿನಲ್ಲಿ ಇಲ್ಲದ್ದನ್ನು ಸೇರಿಸಿದರೆ ಅದು ಚರಿತ್ರೆಯಲ್ಲ, ಅಜ್ಜಿಕತೆ ಎಂದ. ಬೆಂಕಿಯಲ್ಲಿ ಮುಗಿದರೆ ಜನ ಅಳುತ್ತಾರೆ, ಗಂಡ ಮನೆಗೆ ಬಂದರೆ ಎದ್ದು ಸೀರೆ ಕೊಡವಿಕೊಂಡು ಹೋಗುತ್ತಾರೆ ಎಂದ. ಬದಲಿಗೆ ಇನ್ನೊಂದು ಸಂಗತಿ ಸೇರಿಸಿದ. ಪ್ಲಾಸ್ಟಿಕ್ ಬಳೆ ಬೇಡ, ಕೈಯಲ್ಲಿರುವುದನ್ನೇ ಒಡಿ, ಮೈಕಿನ ಹತ್ತಿರ ಒಡಿ, ಸದ್ದು ಬರಲಿ.

ವೀಣ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ತವರಿನವರು ಗೌರಿ ಹಬ್ಬಕ್ಕೆ ಇಡಿಸಿದ್ದ ಬಳೆಗಳು. ಆಯಿತು ಎಂದಳು.

ಹೊತ್ತು ಇಳಿಯುವಾಗ ಜನ ಸೇರಿದರು. ದೂರದ ಆಲೆಮನೆಯಿಂದ ಕುದಿಯುವ ಬೆಲ್ಲದ ವಾಸನೆ ಬರುತ್ತಿತ್ತು. ಕೆರೆಯ ಕಡೆ ಕಪ್ಪೆಗಳು ಒಂದೇ ಸಮನೆ ವಟಗುಟ್ಟುತ್ತಿದ್ದವು. ಯತೀಶ್ ವೀರನ ವೇಷದಲ್ಲೇ ನಿಂತು ಅರ್ಧ ಗಂಟೆ ಮಾತನಾಡಿದ. ಚೆನ್ನಾಗಿಯೇ ಮಾತನಾಡಿದ. ಕೊನೆಗೆ, ನಿಮ್ಮೂರಿನಲ್ಲಿ ಒಂದು ಹೆದರಿಕೆ ಇದೆಯಂತೆ, ಇವತ್ತು ನಾನು ಸತ್ತರೆ ನಾಳೆ ನನಗೂ ಒಂದು ಕಲ್ಲು ನೆಡಿ ಎಂದ. ಕೆಲವು ಹುಡುಗರು ನಕ್ಕರು. ಹೆಂಗಸರು ನಗಲಿಲ್ಲ.

ಆಟ ಶುರುವಾಯಿತು. ತಮಟೆ ಬಡಿಯಿತು. ವೀರ ಹೋರಾಡಿ ಬಿದ್ದ. ಶಶಿಧರ್ ಓಡಿಬಂದು, "ಸತ್ತ ಕಣವ್ವ ನಿನ್ನ ಗಂಡ," ಎಂದು ಕೂಗಿದ. ವೀಣ ಕಲ್ಲಿನ ಮುಂದೆ ಮೊಣಕಾಲೂರಿ ಎರಡೂ ಕೈ ಎತ್ತಿ ಅದಕ್ಕೆ ಬಡಿದಳು.

ಗಾಜು ಒಡೆದ ಸದ್ದು ಮೈಕಿನೊಳಗೆ ಹೊಕ್ಕು, ಏರಿಗೆ ತಾಗಿ, ಹಿಂತಿರುಗಿ ಬಂತು.

ಸತ್ತವನಂತೆ ಬಿದ್ದಿದ್ದ ಯತೀಶ್ ರೆಪ್ಪೆಯ ಸಂದಿಯಿಂದ ಜನರನ್ನು ನೋಡುತ್ತಿದ್ದ. ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಒಬ್ಬಳು ತನ್ನ ಪುಟ್ಟ ಮಗಳ ಕೈಯನ್ನೂ ಮುಚ್ಚಿದಳು.

ಕಪ್ಪೆಗಳು ನಿಂತವು.

ವೀಣ ಅಳತೊಡಗಿದಳು. ಕಲಿಸಿದ್ದ ಮಾತು ಮುಗಿಯಿತು. ಅಳು ಮುಗಿಯಲಿಲ್ಲ. ಹಳ್ಳಿಯ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವ ರಾಗ ಅದು. ಅವಳು ಅದನ್ನು ಎಲ್ಲಿ ಕಲಿತಳೋ ಅವನಿಗೆ ತಿಳಿಯದು. "ಉಪ್ಪು ಸಾಕಾ ಅಂದ್ರೆ ಒಂದಿನ ಬಾಯ್ಬುಡ್ಲಿಲ್ವಲ್ಲೋ ನನ್ ದೊರೆ... ಸಾಕು ಅಂತ ಒಂದು ಮಾತು ಅನ್ಲಿಲ್ವಲ್ಲೋ..."

ಯತೀಶನಿಗೆ ಕಿವಿ ಬಿಸಿಯಾಯಿತು. ಎಷ್ಟು ಸಹಜವಾಗಿ ಆಡುತ್ತಿದ್ದಾಳೆ ಎಂದೂ ಅನ್ನಿಸಿತು.

ಶಶಿಧರ್ ಒಣಗಿದ ಕಬ್ಬಿನ ಗರಿಗೆ ಬೆಂಕಿ ಇಟ್ಟ. ಹೊಗೆ ಎದ್ದಿತು. ವೀಣ ಹೊಗೆಯ ಹಿಂದೆ ಸರಿದು ಮರೆಯಾದಳು. ಆಟ ಅಲ್ಲಿಗೆ ಮುಗಿಯಬೇಕಿತ್ತು. ಬೆಲ್ಲದ ವಾಸನೆ ಇರಲಿಲ್ಲ. ಸುಟ್ಟ ಕೂದಲಿನ ವಾಸನೆ. ಗರಿಯಲ್ಲಿ ಕೂದಲು ಎಲ್ಲಿಂದ ಬಂತು? ಅವನು ಎದ್ದು ಕುಳಿತ. ಉಸಿರು ಇತ್ತು. ಎದೆ ಬಡಿಯುತ್ತಿತ್ತು. ಮೈಕು ತೆಗೆದುಕೊಂಡು ಕೈ ಮೇಲೆತ್ತಿದ.

"ನೋಡಿ, ನಾನು ಸತ್ತಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೇವಿರಮ್ಮ ಬಳೆಗಳನ್ನು ಅಂಗೈಯಲ್ಲಿ ಹಿಡಿದು ಎದ್ದು ನಿಂತಿದ್ದಳು.

"ಈಗ್ಲಾದ್ರೂ ಏರಿ ಮ್ಯಾಕೆ ಅತ್ತು ಮಗ. ಗರಿ ಉರೀತಾ ಐತೆ, ಇನ್ನೂ ಆರಿಲ್ಲ. ಅವಳ ಎಸ್ರಿಡಿದು ಒಂದು ಕೂಗು ಆಕು."

"ನಾಟಕ ಮುಗೀತು ಅಜ್ಜಿ," ಎಂದ ಯತೀಶ್. ನಗುತ್ತಲೇ ಹೇಳಿದ.

ಗರಿ ಆರಿತು.

ಹೊಗೆ ಇಳಿಯಿತು. ವೀಣ ಅಲ್ಲೇ ನಿಂತಿದ್ದಳು. ಅವನು ಹತ್ತಿರ ಹೋಗಿ, ಸಾಕು ಬಾ, ಮುಖ ತೊಳ್ಕೊ ಎಂದ. ಅವಳು ತಿರುಗಲಿಲ್ಲ. ಭುಜ ಮುಟ್ಟಿದ. ಚಳಿಗಾಳಿ ತಾಗಿದಂತೆ ಅವಳು ಸೆರಗು ಹೊದ್ದುಕೊಂಡಳು. ಎದುರಿಗೆ ಹೋಗಿ ನಿಂತ. ಅವಳ ಕಣ್ಣು ಅವನ ಮೇಲಿತ್ತು. ಅವನಲ್ಲಿ ನಿಲ್ಲಲಿಲ್ಲ. ಅವನನ್ನು ದಾಟಿ ಹಿಂದಿದ್ದ ಶಶಿಧರನ ಮೇಲೆ ಹೋಗಿ ನಿಂತಿತು.

"ಶಶಿ, ಹೆಣ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು.

ಯತೀಶ್ ಕೂಗಿದ. ಅವಳ ಹೆಸರು ಹಿಡಿದು ಕೂಗಿದ. ಏರಿ ಹತ್ತಿ ಕೂಗಿದ. ಊರೆಲ್ಲ ಕೇಳಿತು. ನಾಯಿಗಳು ಬೊಗಳಿದವು. ದೇವಿರಮ್ಮ ಅಳುತ್ತಾ, "ಬಂದ ಕಣವ್ವ, ತೊಟ್ಕೊ," ಎಂದು ಕೈ ಹಿಡಿದಾಗ ವೀಣ ಮೆತ್ತಗೆ ಬಿಡಿಸಿಕೊಂಡಳು. "ನಂಗ್ಯಾಕಜ್ಜಿ ಇನ್ನು ಬಳೆ?" ಎಂದಳು. ಮುಂಗೈಯಲ್ಲಿ ಗಾಜು ಚುಚ್ಚಿದ ಕಡೆ ರಕ್ತ ಸಣ್ಣಗೆ ಇಳಿಯುತ್ತಿತ್ತು.

ಡಾಕ್ಟರು ಮನಸ್ಸಿಗೆ ಪೆಟ್ಟು ಬಿದ್ದಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದು ಮಾತ್ರೆ ಬರೆದರು. ಸರಿಹೋಗಲಿಲ್ಲ. ಮಂತ್ರ ಅಂದರೆ ನಗುತ್ತಿದ್ದ ಯತೀಶನೇ ಅವಳ ಅಣ್ಣನ ಜೊತೆಯಲ್ಲಿ ಅವಳನ್ನು ಚಿಕ್ಕರಸಿನಕೆರೆ ಕಡೆ, ತಡೆ ಒಡೆಯುವ ಕೆಂಪಸಿದ್ದಯ್ಯನ ಮನೆಗೆ ಕರೆದೊಯ್ದ. ಕಿಟಕಿಯಿಲ್ಲದ ಕೋಣೆ. ಕೆಂಪಸಿದ್ದಯ್ಯ ಅವಳ ತಲೆಗೆ ನಿಂಬೆಹಣ್ಣು ನೀವಳಿಸಿ ಕೊಯ್ದ. ಕೆಂಡಕ್ಕೆ ಒಣಮೆಣಸಿನಕಾಯಿ ಸುರಿದ. ಕೆಮ್ಮಿ ಕೆಮ್ಮಿ ಎಲ್ಲರ ಕಣ್ಣು ಮೂಗು ಸೋರಿದವು. ವೀಣ ಒಬ್ಬಳೇ ಕೆಮ್ಮದೆ ಆ ಹೊಗೆಯ ನಡುವೆ ತಣ್ಣಗೆ ಕೂತಿದ್ದಳು. ಕೆಂಪಸಿದ್ದಯ್ಯ ಬಹಳ ಹೊತ್ತು ಅವಳನ್ನೇ ನೋಡಿದ.

"ಯಾರಾದ್ರೂ ಮಾಡ್ಸಿದ ಮಾಟ ಆಗಿದ್ರೆ ಕಿತ್ತಾಕ್ಬುಡ್ತಿದ್ದೆ ಕಣಪ್ಪ. ಇದು ಮಾಟ ಅಲ್ಲ. ಆ ಬಳೆಗಲ್ಲಿನ ತಾಯಿ ಇವಳ ಕಿವೀಲಿ ಕುಂತವ್ಳೆ. ಗಂಡ ಕೂಗ್ತಾನೆ ಅಂತ ಕಾಯ್ತಾವ್ಳೆ. ಎದ್ದೇಳು ಅಂತ ಅವಳ್ಗೆ ಎಂಗೆ ಯೋಳ್ಲಿ?"

ದಕ್ಷಿಣೆ ಮುಟ್ಟದೆ ಎದ್ದುಹೋದ.

ಅವಳ ಅಣ್ಣ ಒಮ್ಮೆ, ನಿನ್ನ ಗಂಡ ಬದುಕಿದ್ದಾನೆ, ನಿನ್ನ ಪಕ್ಕದಲ್ಲೇ ನಿಂತಿದ್ದಾನೆ ಎಂದು ಬಿಡಿಸಿ ಹೇಳಿದ. ನನ್ನ ದುಃಖವನ್ನು ಆಡಿಕೊಳ್ಳುತ್ತೀರಾ ಎಂದು ಅವಳು ಊಟ ಬಿಟ್ಟು ಮಲಗಿದಳು. ಮೈ ಇಳಿದುಹೋಯಿತು. ಆಮೇಲೆ ಯತೀಶನೇ ಎಲ್ಲರಿಗೂ ಕೈ ಮುಗಿದು, ಹೇಳಬೇಡಿ ಎಂದ. ಹೆಣ ಎಲ್ಲಿ ಎಂದು ಅವಳು ಮತ್ತೆ ಕೇಳಿದಾಗ ಉತ್ತರ ಕೊಟ್ಟವನು ಶಶಿಧರ್. "ಎಲ್ಲ ಆಯ್ತು ಕಣಕ್ಕ. ಮಣ್ಣು ಮಾಡ್ದೊ." ಆಟದಲ್ಲಿ ಸಾವಿನ ಸುದ್ದಿ ತಂದವನೇ ಈಗಲೂ ತರಬೇಕಾಯಿತು. ಹೇಳಿ ಬೀದಿಗೆ ಬಂದು, ಗೋಡೆಗೆ ಹಣೆ ಆನಿಸಿ ನಿಂತ. ತಮಟೆಯನ್ನು ಅವನು ಮತ್ತೆ ಮುಟ್ಟಲಿಲ್ಲ.

ಈಗ ಇಬ್ಬರೂ ಮಂಡ್ಯದ ಅದೇ ಮನೆಯಲ್ಲಿದ್ದಾರೆ. ಗೋಡೆಯ ಮೇಲೆ ಯತೀಶನ ಫೋಟೋ ಇದೆ. ಉಪನ್ಯಾಸದ ಪೋಸ್ಟರಿಗೆಂದು ರುಮಾಲು ಸುತ್ತಿ, ಮೀಸೆ ತಿರುವಿ ತೆಗೆಸಿಕೊಂಡಿದ್ದ ಫೋಟೋ. ಅದಕ್ಕೆ ಗಂಧದ ಹಾರ. ಪಕ್ಕದಲ್ಲಿ ಮಲಗಿದರೆ ಅವಳಿಗೆ ಚಳಿ ಹತ್ತುತ್ತದೆ ಎಂದು ಅವನು ಜಗಲಿಯಲ್ಲಿ ಮಲಗುತ್ತಾನೆ. ಅವಳು ಕಸ ಗುಡಿಸುವಾಗ ಕಾಲು ಎತ್ತಿಕೊಳ್ಳುತ್ತಾನೆ.

ಪಿತೃಪಕ್ಷ ಬಂದಾಗ ವೀಣ ಎಡೆ ಇಟ್ಟಳು. ಫೋಟೋದ ಮುಂದೆ ಬಾಳೆಲೆ ಹಾಕಿ, ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಡೆ, ಕಜ್ಜಾಯ, ಅವನಿಗೆ ಇಷ್ಟವಾದದ್ದೆಲ್ಲ ಬಡಿಸಿ, ಧೂಪ ಹಾಕಿದಳು. ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಆಚೆ ನಿಂತಳು. ಒಳಗೆ ಮೂಲೆಯಲ್ಲಿ ಕುಳಿತಿದ್ದ ಯತೀಶ್ ಎಲೆಯನ್ನು ನೋಡಿದ. ಅವಳು ಅವನಿಗಾಗಿ ಬಡಿಸಿ ಎಷ್ಟು ಕಾಲವಾಗಿತ್ತು. ಎಲೆಯ ಮುಂದೆ ಬಂದು ಕುಳಿತು, ತನ್ನ ಎಡೆಯನ್ನು ತಾನೇ ಉಂಡ.

ಬಾಗಿಲು ತೆಗೆದ ವೀಣ ಖಾಲಿ ಎಲೆ ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. "ಬಂದಿದ್ರು ಕಣಕ್ಕ, ಉಂಡ್ಕೊಂಡು ಹೋದ್ರು," ಎಂದು ಪಕ್ಕದ ಮನೆಯವಳಿಗೆ ಹೇಳುವಾಗ ಅವಳ ಮುಖದಲ್ಲಿ ಒಂದು ಬೆಳಕಿತ್ತು.

ಅಂದಿನಿಂದ ದಿನಾ ಸಂಜೆ ಎಡೆ ಇಡುತ್ತಾಳೆ. ದಿನಾ ಬಾಗಿಲು ಮುಚ್ಚುತ್ತಾಳೆ. ಸ್ವಲ್ಪ ಹೊತ್ತಿಗೆ ಬಾಗಿಲಿನ ಆಚೆಯಿಂದ, ಯಾರಿಗೂ ಕೇಳಿಸದಷ್ಟು ಸಣ್ಣಗೆ ಕೇಳುತ್ತಾಳೆ.

"ಉಪ್ಪು ಸಾಕಾ?"

"ಸಾಕು ಕಣೆ," ಎನ್ನುತ್ತಾನೆ ಯತೀಶ್. "ಸರಿಯಾಗೈತೆ."

ಒಂದು ದಿನವೂ ತಪ್ಪಿಸುವುದಿಲ್ಲ. ಬಾಗಿಲಿಗೆ ಬಾಯಿ ಹಚ್ಚಿ ಇನ್ನೊಮ್ಮೆ ಹೇಳುತ್ತಾನೆ. ಆಚೆ ಅವಳು ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ ಒಳಗೆ ಬಂದು, ಖಾಲಿಯಾದ ಎಲೆಯನ್ನೇ ಉತ್ತರ ಅಂದುಕೊಂಡು ಮಡಿಸಿ ಎತ್ತಿಕೊಳ್ಳುತ್ತಾಳೆ.