ಮೇಲಿನ ಮನೆ ಖಾಲಿ ಇದೆ

“ಅದೆಲ್ಲಾ ಸರಿ, ನೀವು ಯಾವ ಜನ?” ಯಶೋದಮ್ಮ ಕೇಳಿದರು.

ಅವರ ಮೊಮ್ಮಗಳು ಕವನಾ ಖುಷಿಯಿಂದ ಗೇಟು ಹಿಡಿದು ಜೀಕುತ್ತಿದ್ದಳು. ಮನೆ ನೋಡಲು ಬಂದವರು ಬೇರೆ ಯಾರೂ ಅಲ್ಲ, ಅವಳ ಕ್ಲಾಸಿನ ಶಿಲ್ಪಾಳ ಅಪ್ಪ, ಅಮ್ಮ. ರಾಯಚೂರಿನ ಕಡೆಯವರು. “ನಮ್ಮ ಮೇಲಿನ ಮನೆ ಖಾಲಿ ಇದೆ ಕಣೇ, ಬಂದ್ಬಿಡಿ” ಎಂದು ಶಿಲ್ಪಾಳಿಗೆ ಹೇಳಿದ್ದೇ ಕವನಾ. ಇನ್ನು ದಿನಾ ಇಬ್ಬರೂ ಒಟ್ಟಿಗೆ ಸ್ಕೂಲಿಗೆ ಹೋಗಬಹುದು!

ಶಿಲ್ಪಾಳ ಅಪ್ಪ ಮರೆಪ್ಪ ತಮ್ಮ ಜಾತಿ ಹೇಳಿದರು.

“ಅಯ್ಯೋ, ಬೆಳಿಗ್ಗೆ ತಾನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋದ್ರಪ್ಪ,” ಎಂದರು ಅಜ್ಜಿ.

“ಇರ್ಲಿ ಬಿಡ್ರಿ ಅಮ್ಮಾ, ಬರ್ತೀವಿ,” ಎಂದು ಮರೆಪ್ಪ ನಗುತ್ತಲೇ ಎದ್ದರು.

ಅಡ್ವಾನ್ಸ್? ಬೆಳಿಗ್ಗೆಯಿಂದ ಮನೆಗೆ ನರಪಿಳ್ಳೆಯೂ ಬಂದಿರಲಿಲ್ಲ.

“ಯಾಕಜ್ಜಿ ಸುಳ್ಳು ಹೇಳ್ದೆ?” ಅವರು ಹೋದ ಮೇಲೆ ಕವನಾ ಕೇಳಿದಳು.

“ಆ ಜಾತಿಯೋರಿಗೆ ನಾವು ಮನೆ ಕೊಡಲ್ಲ ಕಣೇ. ಮುಖಕ್ಕೆ ಹೊಡೆದಂಗೆ ಹೇಳಕ್ಕಾಗತ್ತಾ? ಪಾಪ, ಬೇಜಾರಾಗತ್ತೆ ಅಂತ ಹಂಗಂದೆ. ನಿನ್ನ ಫ್ರೆಂಡಿಗೂ ಅದನ್ನೇ ಹೇಳು.”

ತನಗೆ ಜ್ವರ ಬಂದರೆ ರಾತ್ರಿಯೆಲ್ಲಾ ಪಕ್ಕದಲ್ಲೇ ಕೂರುವ ಅಜ್ಜಿ ಇವರೇನಾ? ಕವನಾ ಅಂದು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಶಿಲ್ಪಾ ಸ್ಕೂಲಿನ ನಲ್ಲಿಯಲ್ಲಿ ಬಾಟಲಿಗೆ ನೀರು ತುಂಬುತ್ತಿದ್ದಳು. “ಮನಿ ಬ್ಯಾರೆಯವ್ರಿಗೆ ಕೊಟ್ರಂತ?” ಎಂದಳು.

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ನಿಜ ಹೇಳಿದರೆ ಇವಳು ಟೂ ಬಿಟ್ಟರೆ?

“ಇಲ್ಲ ಕಣೇ. ಖಾಲೀನೇ ಇದೆ. ನಿಮ್ಮ ಜಾತಿ ಕೇಳಿ ಅಜ್ಜಿ ಕೊಡ್ಲಿಲ್ಲ. ನಮ್ಮೋರು ಹೀಗೆ ಅಂತ ನಂಗೆ ಗೊತ್ತಿರ್ಲಿಲ್ಲ.”

“ಅಪ್ಪಗ ಅಲ್ಲೇ ಗೊತ್ತಾತು. ಎಲ್ಲಾ ಕಡಿ ಹಿಂಗ ಅಂತಾರ. ಬ್ಯಾರೆ ಜಾತಿ ಹೇಳೂಣು ಅಂತಾಳ ಅವ್ವ. ಅಪ್ಪ ಒಪ್ಪಂಗಿಲ್ಲ.” ಶಿಲ್ಪಾಳ ಕಣ್ಣು ತುಂಬಿತ್ತು. ಬಾಟಲಿ ಎತ್ತಿಕೊಂಡು ಹೊರಟವಳು ತಿರುಗಿ ನೋಡಿ, “ಬಾ, ಬೆಲ್ ಆತು,” ಎಂದಳು.

ಸಂಜೆ ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕವನಾ ಬ್ಯಾಗು ಇಳಿಸಿ ನೇರ ಎದುರಿಗೆ ಹೋಗಿ ನಿಂತಳು.

“ನಾನು ನಿಜಾನೇ ಹೇಳ್ದೆ ಅಜ್ಜಿ. ಆದ್ರೆ ಅವರಿಗೆ ನಿನ್ನೇನೇ ಗೊತ್ತಾಗಿತ್ತಂತೆ.”

ಅಜ್ಜಿಯ ಕೈ ನಿಂತಿತು. “ಗೊತ್ತಾಗಿದ್ರೆ ಹಂಗೆ ನಗ್ತಾ ಹೋಗ್ತಿದ್ರಾ?”

ಕವನಾಳಿಗೆ ನಿನ್ನೆ ಅಜ್ಜಿ ಹೇಳಿದ್ದೇ ನೆನಪಾಯಿತು.

“ನಿಂಗೆ ಬೇಜಾರಾಗ್ಬಾರ್ದು ಅಂತ ಇರ್ಬೇಕು.”

ಅಜ್ಜಿ ಬಿಡಿಸಿದ ಕಾಳನ್ನು ಸಿಪ್ಪೆಯ ಗುಡ್ಡೆಗೇ ಹಾಕುತ್ತಾ ಹೋದರು. ಕವನಾಳಿಗೆ ಅಜ್ಜಿಯ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಪಕ್ಕದಲ್ಲಿ ಕೂತು, ಸಿಪ್ಪೆಯೊಳಗಿನ ಕಾಳನ್ನು ಒಂದೊಂದಾಗಿ ಆರಿಸತೊಡಗಿದಳು.